ಕೃತಜ್ಞ ರೋಗಿಗಳ ಕಟ್ಟು

ಬಾಣಂತಿ ಓದಿದರೆ ಕಣ್ಣು ಹೋಗುತ್ತದೆ ಎಂದು ನಂಬಿದ ನನ್ನ ಅಮ್ಮ, ಮೈಸೂರಿನಿಂದ ಆಕ್ಲೆಂಡಿಗೆ ಬಂದಿಳಿದ ದಿನವೇ ನನ್ನ ಕೋಣೆಯ ಪರದೆ ಎಳೆದಳು. ಅವಳು ತಂದಿದ್ದ ಅಂಟಿನುಂಡೆ, ಒಣಶುಂಠಿ, ಬೇರು ನಾರುಗಳಲ್ಲಿ ಅರ್ಧವನ್ನು ವಿಮಾನ ನಿಲ್ದಾಣದವರು ಇಟ್ಟುಕೊಂಡಿದ್ದರು. ಉಳಿದರ್ಧವೇ ನನಗೆ ಬೇಕಾದಷ್ಟಾಯಿತು. ಹಿಲ್ಸ್‌ಬರೋದ ನಮ್ಮ ಬಾಡಿಗೆ ಮನೆಯ ಸ್ಮೋಕ್ ಅಲಾರಂ ಸಾಂಬ್ರಾಣಿ ಹೊಗೆಗೆ ಮೂರು ದಿನ ಬಡಿದುಕೊಂಡಿತು. ನಾಲ್ಕನೆಯ ದಿನ ಅಮ್ಮ ಕುರ್ಚಿ ಹತ್ತಿ ಅದಕ್ಕೊಂದು ಶವರ್ ಕ್ಯಾಪ್ ಹಾಕಿದಳು. ಮನೆಗೇ ಬಂದು ನೋಡುವ ಮಿಡ್‌ವೈಫ್ ದಿನಾ ಸ್ವಲ್ಪ ಹೊರಗೆ ನಡೆಯಬೇಕೆಂದು ಹೇಳಿದಾಗ ಅಮ್ಮ ನಗುನಗುತ್ತಾ ಅವಳಿಗೆ ಕಾಫಿ ಕೊಟ್ಟು ಕಳಿಸಿ, ಬಾಗಿಲು ಹಾಕಿ, ನನ್ನ ಕಿವಿಗೆ ಹೊಸ ಹತ್ತಿ ತುರುಕಿದಳು.

ತಲೆಗೆ ಬಟ್ಟೆ ಕಟ್ಟಿಸಿಕೊಂಡೆ. ಮೆಣಸಿನ ಸಾರು ಉಂಡೆ. ಓದಬೇಡ ಅಂದದ್ದೊಂದು ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಓದುವುದು ನನಗೆ ಹೊತ್ತು ಕಳೆಯುವ ಹವ್ಯಾಸವಲ್ಲ, ಅದೇ ನನ್ನ ಹೊಟ್ಟೆಪಾಡು. ವಿದ್ಯಾರ್ಥಿಯಾಗಿ ಬಂದು ಇಲ್ಲೇ ಉಳಿದವಳು ನಾನು. ಪೆನ್‌ರೋಸ್‌ನ ಒಂದು ಗೋದಾಮಿನಲ್ಲಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ, ಕೈಬರಹವನ್ನು ಓದಿ ಟೈಪ್ ಮಾಡುವ ಕೆಲಸ ನನ್ನದು. ಕಾಗೆ ಕಾಲು ಗುಬ್ಬಿ ಕಾಲು ಬರೆದವರ ಕಾಗದವನ್ನೂ ಬಿಡಿಸಿ ಓದಬಲ್ಲೆ ಎಂಬ ಜಂಬ ನನಗಿದೆ. ಹೆರಿಗೆ ರಜೆ ಶುರುವಾದ ಮೇಲೂ ಕೈ ಸುಮ್ಮನಿರಲಿಲ್ಲ. ಅಮೆರಿಕದ ಒಂದು ಗ್ರಂಥಾಲಯ ತನ್ನ ಹಳೆಯ ಕಾಗದಪತ್ರಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಬಿಡುವಿದ್ದವರು ಓದಿ ಟೈಪ್ ಮಾಡಿಕೊಡಿ ಎಂದು ಕೇಳಿತ್ತು. ಅಲ್ಲಿ ನನಗೆ ಸಿಕ್ಕವನು ಹತ್ತೊಂಬತ್ತನೆಯ ಶತಮಾನದ ಒಬ್ಬ ಡಾಕ್ಟರ್.

ಅವನು ಕತೆ, ಕವಿತೆಗಳನ್ನೂ ಬರೆದವನು. ನರಗಳು ಸೋತಿವೆ ಎಂದು ಮನೆಯವರು ಕರೆತಂದ ಹೆಂಗಸರಿಗೆ ಅವನದು ಒಂದೇ ಚಿಕಿತ್ಸೆ. ಆರೇಳು ವಾರ ಹಾಸಿಗೆ, ಹೊತ್ತು ಹೊತ್ತಿಗೆ ಹಾಲು, ಮೈ ಕೈ ತಿಕ್ಕಿಸಿಕೊಳ್ಳುವುದು, ಪುಸ್ತಕವಿಲ್ಲ, ಪೆನ್ನಿಲ್ಲ. ತಾನು ಮಾತ್ರ ದಿನಾ ಬರೆಯುತ್ತಿದ್ದ. ಪೆಟ್ಟಿಗೆಗಟ್ಟಲೆ ಬರೆದಿದ್ದಾನೆ, ಮಹಾರಾಯ.

ರೋಗಿಗಳು ಬರೆದ ಕಾಗದಗಳನ್ನು ಅವನೇ ದಾರ ಕಟ್ಟಿ, ಮೇಲೆ ‘ಕೃತಜ್ಞ ರೋಗಿಗಳಿಂದ’ ಎಂದು ಬರೆದಿಟ್ಟಿದ್ದ. ಆ ಕಟ್ಟಿನಲ್ಲಿ ಒಬ್ಬ ಹೆಂಗಸಿನ ಮೂರು ಕಾಗದಗಳಿದ್ದವು. ಮೂರೂ ಪೆನ್ಸಿಲ್ಲಿನವು, ಅಗಸರವನಿಗೆ ಹಾಕಿದ ಬಟ್ಟೆಯ ಪಟ್ಟಿಯ ಹಿಂಬದಿಯಲ್ಲಿ ಕದ್ದು ಬರೆದವು. ಮೊದಲನೆಯದರಲ್ಲಿ ಹಾಲು ಕುಡಿದು ಕುಡಿದು ವಾಕರಿಕೆ ಬರುತ್ತಿದೆ, ದಿನಕ್ಕೊಂದು ಗಂಟೆ ಬರೆಯಲು ಬಿಡಿ ಎಂದು ಕೇಳಿದ್ದಾಳೆ. ಎರಡನೆಯದರಲ್ಲಿ ಅರ್ಧ ಗಂಟೆ ಸಾಕು ಎಂದಿದ್ದಾಳೆ. ಡಾಕ್ಟರ್ ಅವಳಿಗೆ ಜವಾಬು ಬರೆಯಲಿಲ್ಲ. ಅವಳ ಗಂಡನಿಗೆ ಬರೆದ. ಆಕೆಯ ಕೈಯಿಂದ ಪೆನ್ಸಿಲನ್ನು ಪ್ರೀತಿಯಿಂದ, ನೋವಾಗದಂತೆ ತೆಗೆದಿಡಿ ಎಂದು ಬರೆದ. ಅದರ ನಕಲನ್ನೂ ಇಟ್ಟುಕೊಂಡಿದ್ದಾನೆ, ಎಷ್ಟು ನಯವಾದ ಕಾಗದ ಅಂತೀರಿ. ಮೂರನೆಯದರಲ್ಲಿ ಅವಳು ಏನನ್ನೂ ಕೇಳಲಿಲ್ಲ. ಅಪ್ಪಣೆ ಇದ್ದರೂ ಇಲ್ಲದಿದ್ದರೂ ಬರೆಯುತ್ತೇನೆ ಎಂದಷ್ಟೇ ಬರೆದಳು. ಅದಾದ ಮೇಲೆ ಅವಳದು ಒಂದಕ್ಷರವೂ ಇಲ್ಲ.

ಕೊನೆಯ ಕಾಗದ ಗಂಡನದು. ಆಕೆ ಈಗ ಮೈ ತುಂಬಿಕೊಂಡಿದ್ದಾಳೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ, ಪೆನ್ಸಿಲ್ ಕೇಳುವುದನ್ನು ಬಿಟ್ಟಿದ್ದಾಳೆ, ನಿಮ್ಮ ಉಪಕಾರವನ್ನು ಮರೆಯಲಾರೆವು ಎಂದು ಬರೆದಿದ್ದಾನೆ. ಅದನ್ನು ಓದಿ ಮುಗಿಸಿದಾಗ ನನ್ನ ಮೈ ಉರಿದುಹೋಯಿತು. ಟೈಪ್ ಮಾಡುವ ಮೊದಲೇ ಹೊಟ್ಟೆ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಹೋದೆ. ಮಗಳು ಹುಟ್ಟಿದಳು.

ಕತ್ತಲೆ ಕೋಣೆಯಲ್ಲಿ ಮಲಗಿಕೊಂಡೇ ಫೋನಿನಿಂದ ಗ್ರಂಥಾಲಯದವರಿಗೆ ಬರೆದೆ. ಈ ಹೆಂಗಸು ಕೃತಜ್ಞಳಲ್ಲ, ಆ ಕಟ್ಟಿನ ಹೆಸರು ಬದಲಿಸಿ ಎಂದೆ. ಕಾಗದ ಕೂಡಿಟ್ಟವನು ಕೊಟ್ಟ ಹೆಸರನ್ನು ತಾವು ಬದಲಿಸುವ ಪದ್ಧತಿಯಿಲ್ಲ, ಆದರೆ ಕೊನೆಯ ಕಾಗದವನ್ನು ಈ ತಿಂಗಳೊಳಗೆ ಟೈಪ್ ಮಾಡಿ ಕಳಿಸಿದರೆ ಅದರ ಕೆಳಗೊಂದು ಟಿಪ್ಪಣಿ ಬರೆಯಬಹುದು, ತಿಂಗಳ ಕೊನೆಗೆ ಈ ಕೆಲಸ ಮುಗಿಯುತ್ತದೆ ಎಂದು ಮರ್ಯಾದೆಯಾಗಿಯೇ ಉತ್ತರ ಬಂತು. ಟೈಪ್ ಮಾಡುವ ಪುಟ ಫೋನಿನಲ್ಲಿ ತೆರೆಯುತ್ತಿರಲಿಲ್ಲ. ಲ್ಯಾಪ್‌ಟಾಪನ್ನು ಮಗುವಿನ ಕೌದಿಯ ಕೆಳಗೆ ಇಟ್ಟುಕೊಂಡೆ. ಎರಡನೆಯ ದಿನವೇ ಅಮ್ಮ ಹಿಡಿದಳು. ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನಲ್ಲಿ, ಟವೆಲ್‌ಗಳ ಕೆಳಗೆ ಇಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ದಿನಾ ಬೆಳಿಗ್ಗೆ, ಗಂಡ ಆಫೀಸಿಗೆ ಹೊರಟ ಮೇಲೆ ಕೇಳುತ್ತಿದ್ದೆ. ಅಮ್ಮ ದಿನಾ ಇಲ್ಲ ಅನ್ನುತ್ತಿದ್ದಳು. ಸಂಜೆ ಅವನ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಅತ್ತೆಗೂ ಅಳಿಯನಿಗೂ ನಡುವೆ ಜಗಳ ತಂದಿಟ್ಟು ಆ ಪುಣ್ಯ ಕಟ್ಟಿಕೊಳ್ಳುವುದು ನನಗೆ ಬೇಕಿರಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ಎಣ್ಣೆನೀರು, ಆ ಬಿಸಿ ಅನ್ನ, ಮಗುವನ್ನು ಬೇರೆ ಯಾರೋ ಎತ್ತಿಕೊಂಡಾಗ ಬರುವ ಆ ನಿದ್ದೆ, ಎಲ್ಲ ಹಿತವಾಗಿತ್ತು. ಒಂದು ದಿನ ಮಧ್ಯಾಹ್ನದವರೆಗೂ ಲ್ಯಾಪ್‌ಟಾಪ್ ನೆನಪಾಗಲೇ ಇಲ್ಲ. ನೆನಪಾದಾಗ ಭಯವಾಯಿತು. ಬೆಳಿಗ್ಗೆ ಕೇಳದೆ ಬಿಟ್ಟದ್ದಕ್ಕೆ ಅವತ್ತು ಸಂಜೆಯೊಳಗೆ ಎರಡು ಸಲ ಕೇಳಿದೆ.

ಒಂದು ಬೆಳಿಗ್ಗೆ ಅಮ್ಮ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಆ ಹೆಂಗಸಿನ ಕತೆ ಹೇಳಿದೆ. ಅಮ್ಮ ಅವಳ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಡಾಕ್ಟರನ ಪರ ನಿಂತಳು.

“ಹಾಲು ಕೊಟ್ಟು, ಮೈ ತಿಕ್ಕಿ, ಮಲಗು ಅಂದಿದಾನೆ. ಅದರಲ್ಲಿ ಏನೇ ತಪ್ಪು?” ಅಂದಳು. ಆಮೇಲೆ ಆಕೆ ಹುಷಾರಾದಳಾ ಎಂದು ಕೇಳಿದಳು. ಅವಳ ಗಂಡನ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮನ ಕೈ ನಿಂತಿತು.

“ಕೇಳೋದನ್ನೇ ಬಿಟ್ಟುಬಿಟ್ಳಾ?” ಅಂದಳು.

ಅಮ್ಮ ಇನ್ನೊಂದು ಕಾಲಿಗೂ ಎಣ್ಣೆ ಹಚ್ಚಿ, ಕೈ ಒರೆಸಿಕೊಂಡು, ಕೀಲಿ ಸಮೇತ ಅಡುಗೆಮನೆಗೆ ಹೋದಳು.

ತಿಂಗಳು ಮುಗಿಯಲು ಎರಡೇ ದಿನವಿತ್ತು. ಅದೊಂದು ಭಾನುವಾರ, ಬಾಟನಿ ಡೌನ್ಸ್‌ನಿಂದ ಪರಿಚಯದ ಆಂಟಿಯೊಬ್ಬರು ಮಗುವನ್ನು ನೋಡಲು ಬಂದರು. ಬಾಣಂತಿ ಹೊರಗೆ ಬರಬಾರದೆಂದು ನಾನು ಕೋಣೆಯಲ್ಲೇ ಇದ್ದೆ. ಕಿವಿಯ ಹತ್ತಿಯನ್ನು ಆಗಲೇ ಕಿತ್ತು ಹಾಕಿದ್ದೆ. ಹಾಲ್‌ನಲ್ಲಿ ಆಡಿದ ಮಾತು ಒಂದೂ ಬಿಡದೆ ಕೇಳಿಸುತ್ತಿತ್ತು. ಮಗಳು ಹೇಗಿದ್ದಾಳೆ ಎಂದು ಆಂಟಿ ಅಮ್ಮನನ್ನು ಕೇಳಿದರು. ಉತ್ತರ ಕೊಟ್ಟವನು ನನ್ನ ಗಂಡ. ಅವನು ಹುಬ್ಬಳ್ಳಿಯವನು.

“ಆರಾಮ್ ಅದಾಳ್ರಿ ಆಂಟಿ. ಮೊದ್ಲ ಬರೇ ಲ್ಯಾಪ್‌ಟಾಪ್ ಲ್ಯಾಪ್‌ಟಾಪ್ ಅಂತಿದ್ಲು. ಈಗ ಕೇಳೂದೂ ಇಲ್ಲ.”

ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. ಅವನು ಕೆಟ್ಟವನಲ್ಲ, ಸುಳ್ಳನ್ನೂ ಹೇಳಲಿಲ್ಲ. ಅವನಿಗೆ ಗೊತ್ತಿದ್ದದ್ದೇ ಅಷ್ಟು. ಆ ಹೆಂಗಸಿನ ಗಂಡನಿಗೂ ಅಷ್ಟೇ ಗೊತ್ತಿದ್ದಿರಬೇಕು, ಮತ್ತು ಅವನು ಅದನ್ನು ಕಾಗದದಲ್ಲಿ ಬರೆದು ಅಂಚೆಗೆ ಹಾಕಿದ. ನನಗೆ ಮಲಗಿರಲಾಗಲಿಲ್ಲ. ಎದ್ದು, ತಲೆಯ ಬಟ್ಟೆಯಲ್ಲೇ, ನೈಟಿಯಲ್ಲೇ, ಎಣ್ಣೆ ಮುಖದಲ್ಲೇ ಹಾಲ್‌ಗೆ ಹೋಗಿ ನಿಂತೆ. ಆಂಟಿಯ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು. ಗಂಡ ಗಾಬರಿಯಿಂದ ಎದ್ದು ಮಗುವಿಗೇನಾಯಿತು ಎಂದ.

“ಅಮ್ಮಾ, ಲ್ಯಾಪ್‌ಟಾಪ್ ಕೊಡು. ಇವರ ಎದುರಿಗೇ ಕೇಳ್ತಾ ಇದೀನಿ,” ಅಂದೆ.

ಅಮ್ಮ ಬೈಯುತ್ತಾಳೆ, ಇಲ್ಲವೇ ಬಂದವರ ಮುಂದೆ ಮಾನ ಹೋಯಿತೆಂದು ಅಳುತ್ತಾಳೆ, ಎರಡಕ್ಕೂ ತಯಾರಾಗಿದ್ದೆ. ಸೋಲಬಾರದೆಂದು ಹಲ್ಲು ಕಚ್ಚಿ ನಿಂತಿದ್ದೆ. ಅಮ್ಮ ಎದ್ದುಹೋಗಿ ಕಪಾಟಿನ ಬೀಗ ತೆಗೆದಳು. ಬಿಸಿನೀರಿನ ಶಾಖಕ್ಕೆ ಬೆಚ್ಚಗಾಗಿದ್ದ ಲ್ಯಾಪ್‌ಟಾಪನ್ನು ತಂದು ನನ್ನ ಕೈಗೆ ಕೊಟ್ಟಳು. ಆಮೇಲೆ ನನ್ನ ಗಂಡನ ಕಡೆ ತಿರುಗಿದಳು.

“ಅವಳು ದಿನಾ ಕೇಳ್ತಾನೇ ಇದ್ಲು, ಅಳಿಯಂದ್ರೇ. ಕೊಡದೆ ಇದ್ದೋಳು ನಾನು.”

ನನ್ನ ಗಂಡ ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ, ಕೂತುಕೊಂಡ. ಜಗಳಕ್ಕೆ ಬಂದಿದ್ದ ನನಗೆ ಅಮ್ಮನ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಕೋಣೆಗೆ ಹೋಗಿ ಪರದೆ ಪೂರ್ತಿ ಸರಿಸಿ, ಬೆಳಕಿಗೆ ಕೂತು, ಆ ಹೆಂಗಸಿನ ಗಂಡನ ಕಾಗದವನ್ನು ಟೈಪ್ ಮಾಡಿದೆ. ಅವನ ಒಂದು ಪದವನ್ನೂ ಬಿಡಲಿಲ್ಲ, ತಿದ್ದಲೂ ಇಲ್ಲ.

ಕೆಳಗೆ ಟಿಪ್ಪಣಿ ಬರೆದೆ. ಈ ಕಾಗದ ಬರೆದವನು ಗಂಡ. ಹೆಂಡತಿಯ ಮೂರು ಕಾಗದಗಳಲ್ಲಿ ಎಲ್ಲಿಯೂ ಕೃತಜ್ಞತೆಯ ಮಾತಿಲ್ಲ. ಎರಡರಲ್ಲಿ ಆಕೆ ಬರೆಯಲು ಅಪ್ಪಣೆ ಕೇಳಿದ್ದಾಳೆ, ಮೂರನೆಯದರಲ್ಲಿ ಕೇಳದೆಯೇ ಬರೆಯುತ್ತೇನೆ ಎಂದಿದ್ದಾಳೆ. ಆಕೆ ಕೇಳುವುದನ್ನು ಬಿಟ್ಟಳು ಎನ್ನುವುದಕ್ಕೆ ಗಂಡನ ಮಾತೊಂದನ್ನು ಬಿಟ್ಟರೆ ಬೇರೆ ಆಧಾರವಿಲ್ಲ.

ಆಂಟಿಯನ್ನು ಕಳಿಸಿ ಅಮ್ಮ ಒಳಗೆ ಬಂದಳು. ಅಷ್ಟು ಹೊತ್ತು ಓದಿದರೆ ಕಣ್ಣು ಹೋಗುತ್ತದೆ ಎಂದು ಅವಳು ಆಗಲೂ ಹೇಳಿದಳು, ಇವತ್ತಿಗೂ ಹೇಳುತ್ತಾಳೆ. ಹಾಸಿಗೆಯ ಅಂಚಿನಲ್ಲಿ ಕೂತು, ಏನು ಬರೆದೆ ಎಂದು ಕೇಳಿದಳು. ಕನ್ನಡದಲ್ಲಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು, ಮಗುವಿನ ಕಾಲನ್ನು ಸವರಿದಳು.

“ಪೆನ್ಸಿಲ್ ಕೊಡದೆ ಇದ್ದೋರು ಯಾರು ಅಂತಾನೂ ಬರಿ,” ಅಂದಳು.

ಬರೆದೆ. ಕಳಿಸಿದೆ.