ಬಾಯಿಯವರು ಬಿಟ್ಟು ಬಂದ ಕಪ್ಪೆ

ಮೊನ್ನೆ ಮೊಮ್ಮಗಳ ಕಾಲೇಜಿನ ಪ್ರಯೋಗಶಾಲೆಗೆ ಕಾಲಿಟ್ಟೆ, ಫಾರ್ಮಾಲಿನ್ ವಾಸನೆ ಮೂಗಿಗೆ ಬಡಿಯಿತು. ಉಳಿದವರು ಮೂಗು ಮುಚ್ಚಿಕೊಂಡರೆ ನಾನು ಎದೆತುಂಬ ಎಳೆದುಕೊಂಡೆ. ಎಪ್ಪತ್ತರ ದಶಕದ ಕೊನೆ, ಟಿಳಕವಾಡಿಯ ಕಾಲೇಜು, ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಬಾಯಿಯವರು... ಮೇಡಂ ಅನ್ನುವ ರೂಢಿ ಆಗ ನಮಗಿರಲಿಲ್ಲ.

ನಾನು ಕಪ್ಪೆ ಕೊಯ್ಯುತ್ತೇನೆಂಬ ಸುದ್ದಿ ಅರಿವೆ ಅಂಗಡಿಯಲ್ಲಿ ಕೂತ ಅಪ್ಪನ ಕಿವಿಗೆ ಬಿದ್ದದ್ದೇ ತಡ, ಮನೆ ರಣರಂಗವಾಯಿತು.

“ಕೊರಳಾಗ ಲಿಂಗ, ಕೈಯಾಗ ಚೂರಿ. ಸಾಕು, ನಾಳಿಂದ ಕಾಲೇಜ್ ಬಂದ್.”

ನಾನು ಅತ್ತು ಕರೆದು ಊಟ ಬಿಟ್ಟೆ. ಅಪ್ಪ ಜಗ್ಗಲಿಲ್ಲ. ಕೊನೆಗೆ ಬಾಯಿಯವರೇ ಮನೆಗೆ ಬಂದರು. ವಾದಕ್ಕಿಳಿಯಲಿಲ್ಲ.

“ಐತವಾರ ಖಾನಾಪುರದ ಅಡವಿಗೆ ಹೊಂಟೇವಿ. ನೀವೂ ಬರ್ರಿ. ನೋಡಿ ಆಮ್ಯಾಲೆ ಬಿಡಸ್ರಿ.”

ಅಪ್ಪ ಬಂದರು, ಧೋತರ ಎತ್ತಿ ಕಟ್ಟಿ, ಜಿಗಣೆ ಕೀಳುತ್ತ, ದಾರಿಯುದ್ದಕ್ಕೂ ಗೊಣಗುತ್ತ. ಘಟ್ಟದ ಒಂದು ಹಳ್ಳದ ಹತ್ತಿರ ಬಾಯಿಯವರು ಕೈ ಮಾಡಿ ನಿಲ್ಲಿಸಿದರು. ತೊಯ್ದ ಬಂಡೆಯ ಮೇಲೆ ಹೆಬ್ಬೆರಳಿನಷ್ಟು ಕಪ್ಪೆ, ಅದರ ಕೆಳಗೆ ಸಾಬೂದಾಣಿಯಂಥ ತತ್ತಿ. ಯಾವ ಪುಸ್ತಕದಲ್ಲೂ ಇರದ ಆ ಕಪ್ಪೆಗಾಗಿ ಅವರು ವರ್ಷಗಟ್ಟಲೆ ಅಲೆದಿದ್ದರು. ಅವರ ಡಾಕ್ಟರೇಟ್ ಅದರ ಮೇಲೆಯೇ ನಿಂತಿತ್ತು.

“ತತ್ತಿ ಕಾಯಾಕತ್ತಿದ್ದು ಗಂಡ್ರಿ,” ಎಂದರು. ಅಪ್ಪ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಬಾಯಿಯವರ ಕೈಯಲ್ಲಿದ್ದ ಬಾಟಲಿ ಕಂಡರು.

“ಇದನ್ನೂ ಕೊಲ್ಲಾವ್ರೇನ್ರಿ?”

“ಹೌದ್ರಿ. ಒಯ್ದು ತೋರಿಸಲಿಲ್ಲಂದ್ರ ಹೊಸಾದು ಅಂತ ಯಾರೂ ನಂಬೂದಿಲ್ಲ.”

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಪ್ಪ ಎದ್ದು ನನಗೆ “ನಡಿ” ಎಂದರು. ನನ್ನ ಓದು ಅಲ್ಲಿಗೇ ಮುಗಿಯಿತೆಂದು ಕಣ್ಣು ತುಂಬಿ ಬಂತು. ಬಾಯಿಯವರು ಒಮ್ಮೆ ಕಪ್ಪೆಯನ್ನು, ಒಮ್ಮೆ ನನ್ನನ್ನು ನೋಡಿದರು. ಬಾಟಲಿ ಖಾಲಿಯಾಗಿಯೇ ಚೀಲಕ್ಕೆ ಹೋಯಿತು.

ಬಸ್ಸು ಪೀರನವಾಡಿ ದಾಟಿ ಊರು ಹತ್ತಿರವಾಯಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿಯೇ, “ಇವರ ಕೈಯಾಗ ಕಲೀತೀ ಅಂದ್ರ ಕಲಿ,” ಎಂದರು.

ಕಲಿತೆ. ಮುಂದೆ ನಾನೂ ಅದೇ ವಿಷಯ ಕಲಿಸಿದೆ. ಎಂಬತ್ತರ ದಶಕದುದ್ದಕ್ಕೂ ಪ್ರತಿ ಮಳೆಗಾಲ ಬಾಯಿಯವರು ಆ ಹಳ್ಳಕ್ಕೆ ಹೋದರು, ಎಷ್ಟೋ ಸಲ ನಾನೂ ಜೊತೆಗಿದ್ದೆ. ಕಪ್ಪೆ ಮತ್ತೆ ಸಿಗಲೇ ಇಲ್ಲ... ಒಮ್ಮೆ ತಡೆಯಲಾರದೆ, ಅವತ್ತು ಯಾಕೆ ಬಿಟ್ಟಿರಿ ಎಂದು ಕೇಳಿಯೇಬಿಟ್ಟೆ.

“ಕಪ್ಪಿ ಮತ್ತ ಸಿಕ್ಕೀತು ಅಂತ ಧೈರ್ಯ ಇತ್ತು. ನೀ ಸಿಗ್ತಿದ್ದಿಲ್ಲ ನೋಡು,” ಎಂದು ನಕ್ಕರು.

ಈಗ ಬಾಯಿಯವರಿಲ್ಲ. ಕೊನೆಯವರೆಗೂ ಅವರ ಹೆಸರಿಗೆ ಡಾಕ್ಟರ್ ಸೇರಲಿಲ್ಲ. ನನ್ನ ಹೆಸರಿಗೆ ಸೇರಿದೆ. ಯಾರಾದರೂ ಹಾಗೆ ಕರೆದಾಗಲೆಲ್ಲ ಮೊದಲು ಅವರಿಗೆ ಮನಸ್ಸಿನಲ್ಲೇ ಕೈಮುಗಿದು, ಆಮೇಲೆ ಓ ಅನ್ನುತ್ತೇನೆ.