ಎಸ್ಟೋನಿಯಾದ ತಂಡದಲ್ಲಿ ನನಗೆ ಸಿಗದ ಜಾಗ

ಸುಲ್ತಾನ್‌ಪೇಟೆಯಲ್ಲಿ ನಮ್ಮದೊಂದು ಲಗ್ನಪತ್ರಿಕೆ ಅಂಗಡಿ, ಮನೆ ಚಾಮರಾಜಪೇಟೆಯಲ್ಲಿ. ತಾತನ ಕಾಲದಿಂದಲೂ ಪೇಟೆಯ ವ್ಯಾಪಾರ ನಂಬಿಕೊಂಡ ಮನೆತನ. ಅಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಂಗಡಿಯ ಷಟರ್ ಎತ್ತುತ್ತಿದ್ದರು. ಅಂಥ ಮನೆಯಲ್ಲಿ ನಾನೊಬ್ಬ ಫುಟ್‌ಬಾಲ್ ಹುಚ್ಚ. ನಮ್ಮ ಬೀದಿಯ ಹುಡುಗರೆಲ್ಲ ಕ್ರಿಕೆಟ್ ಆಡುತ್ತಿದ್ದರು. ಫುಟ್‌ಬಾಲ್ ಎಂದರೆ ಹಲಸೂರು, ಆಸ್ಟಿನ್ ಟೌನ್ ಕಡೆಯವರ ಆಟ ಎಂಬ ಭಾವನೆ. ಆದರೂ ಬೆಳಗಿನ ಹೊತ್ತು ಬಡಾವಣೆಯ ಮೈದಾನದಲ್ಲಿ ನಾವೊಂದಿಷ್ಟು ಮಂದಿ ಸೇರುತ್ತಿದ್ದೆವು. ನಾನು ಎಡಗಾಲಿನವನು, ಲೆಫ್ಟ್ ಬ್ಯಾಕ್. ನಗರದ ಕೆಳಗಿನ ಡಿವಿಷನ್ನಿನ ಒಂದು ತಂಡಕ್ಕೂ ಆಡುತ್ತಿದ್ದೆ. ಅಲ್ಲಿ ನನ್ನನ್ನು ಯಾರೂ ಕಳಪೆ ಆಟಗಾರ ಎನ್ನುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಮ್ಮ ಕಾರ್ಡುಗಳನ್ನು ಅಚ್ಚು ಹಾಕುತ್ತಿದ್ದ ಪ್ರೆಸ್ಸಿಗೆ ಹೊಸ ಯಂತ್ರ ಬಂತು. ಅದನ್ನು ಕೂರಿಸಲು ಕಂಪನಿಯವರು ಒಬ್ಬ ಮೆಕ್ಯಾನಿಕ್ಕನನ್ನು ಕಳಿಸಿದ್ದರು. ನಲವತ್ತರ ಆಸುಪಾಸಿನವನು, ಬಿಸಿಲಿಗೆ ಟೊಮೇಟೊ ಹಣ್ಣಿನಂತೆ ಕೆಂಪಾಗುತ್ತಿದ್ದ. ಊರು ಯಾವುದು ಎಂದರೆ ಎಸ್ಟೋನಿಯಾ ಎಂದ. ಅಂಥದೊಂದು ದೇಶವಿದೆ ಎಂದು ನನಗೆ ಗೊತ್ತಾಗಿದ್ದೇ ಆಗ. ಇಲ್ಲಿ ಆಡಲು ಜಾಗ ಸಿಗುತ್ತದೆಯೇ ಎಂದು ಕೇಳಿದ. ಮರುದಿನದಿಂದ ನಮ್ಮ ಜೊತೆ ಮೈದಾನಕ್ಕೆ ಬರತೊಡಗಿದ. ತನ್ನ ಊರಿನ ಕ್ಲಬ್ಬಿನಲ್ಲಿ ಮೊದಲು ಆಡುತ್ತಿದ್ದನಂತೆ, ಈಗ ಅದರ ಕಮಿಟಿಯಲ್ಲಿದ್ದ. ಹೊರಡುವ ಮುನ್ನ ನನಗೆ ಹೇಳಿದ: "ನಮ್ಮೂರಿನ ಬೇಸಿಗೆಗೆ ಮುಂಚೆ ಬಾ. ಒಂದು ತಿಂಗಳು ನಮ್ಮ ಹುಡುಗರ ಜೊತೆ ಪ್ರಾಕ್ಟೀಸ್ ಮಾಡು, ನನ್ನ ಮನೆಯಲ್ಲೇ ಇರು. ಕೋಚ್ ನೋಡಲಿ. ಆದರೆ ನಾನು ಯಾವ ಮಾತೂ ಕೊಡುತ್ತಿಲ್ಲ."

ಅದನ್ನು ಮನೆಯಲ್ಲಿ ಹಾಗೆಯೇ ಹೇಳಿದೆ. ಕೊನೆಯ ವಾಕ್ಯ ಅಪ್ಪನ ಕಿವಿಗೆ ಬೀಳಲಿಲ್ಲ. ಅಷ್ಟು ದಿನ "ಚೆಂಡು ಒದ್ದು ಹೊಟ್ಟೆ ತುಂಬತ್ತೇನೋ" ಎನ್ನುತ್ತಿದ್ದವರು ಒಂದು ಸಂಜೆ ಅಂಗಡಿಯಿಂದ ಬರುತ್ತ ಒಂದು ಕಟ್ಟು ಕಾರ್ಡ್ ಹಿಡಿದು ಬಂದರು. ಮದುವೆಯ ಕಾರ್ಡಿನಂತೆಯೇ ಇತ್ತು. ತಲೆಯ ಮೇಲೆ ಬಂಗಾರದ ಅಕ್ಷರದಲ್ಲಿ ಗವಿಗಂಗಾಧರೇಶ್ವರ ಪ್ರಸನ್ನ. ಕೆಳಗೆ, 'ಯುರೋಪಿನ ಪ್ರಸಿದ್ಧ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿರುವ ನಮ್ಮ ಜ್ಯೇಷ್ಠ ಪುತ್ರನ ಬೀಳ್ಕೊಡುಗೆ ಸಮಾರಂಭಕ್ಕೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ...'

"ಅಪ್ಪಾ, ಆಯ್ಕೆ ಆಗಿಲ್ಲ. ನೋಡೋಕೆ ಕರೆದಿದಾರೆ ಅಷ್ಟೆ."

"ನೋಡಿದ್ಮೇಲೆ ಬೇಡ ಅಂತಾರಾ? ಸುಮ್ನಿರು. ಅರ್ಧ ಪೇಟೆಗೆ ಹಂಚಾಯ್ತು."

ಸಮಾರಂಭ ನಡೆದೇ ಹೋಯಿತು. ನನ್ನನ್ನು ಮದುಮಗನ ಕುರ್ಚಿಯಂಥದರಲ್ಲಿ ಕೂರಿಸಿ ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು. ದೊಡ್ಡಪ್ಪ ಮೈಕ್ ಹಿಡಿದು, "ಎಸ್ಟೋನಿಯಾ ಅಂದ್ರೆ ಇಟಲಿ ಪಕ್ಕದಲ್ಲೇ ಬರತ್ತೆ" ಎಂದರು. ಹಿಂದಿನ ಸಾಲಿನಲ್ಲಿ ನನ್ನ ಮೈದಾನದ ಗೆಳೆಯರು ಬಾಯಿಗೆ ಕರ್ಚೀಫ್ ಒತ್ತಿಕೊಂಡು ನಗುತ್ತಿದ್ದರು. ಪೇಟದ ಒಳಗಿನಿಂದ ಬೆವರು ಕೆನ್ನೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಕಣ್ಣೀರು ಎಂದುಕೊಂಡಾರು ಎಂದು ಸುಮ್ಮನೆ ಕೂತಿದ್ದೆ.

ಏಪ್ರಿಲ್‌ನಲ್ಲಿ ಹೋದೆ. ಮೈದಾನದ ಅಂಚಿನಲ್ಲಿ ಬಿಳಿ ತೊಗಟೆಯ ಮರಗಳು, ಅವುಗಳ ಬುಡದಲ್ಲಿ ಇನ್ನೂ ಕರಗದ ಕೊಳಕು ಹಿಮ. ಪಕ್ಕದಲ್ಲೇ ಒಂದು ಮುಚ್ಚಿದ ಕಾಗದದ ಗಿರಣಿ. ಕ್ಲಬ್ಬು ಆ ಗಿರಣಿಯದೇ ಆಗಿತ್ತಂತೆ. ಸೋವಿಯತ್ ಕಾಲದಲ್ಲಿ ಗಿರಣಿಯ ಕೆಲಸಗಾರರೇ ಆಟಗಾರರು; ಮ್ಯಾಚ್ ಇದ್ದ ದಿನ ಪಾಳಿಯಿಂದ ಬಿಡುಗಡೆ, ಗೆದ್ದರೆ ಎಲ್ಲರಿಗೂ ಸಾಸೇಜು. ದೇಶ ಸ್ವತಂತ್ರವಾಯಿತು, ಗಿರಣಿ ನಿಂತಿತು, ಅದರ ಹಿಂದೆಯೇ ತಂಡವೂ ಚದುರಿತು. ಕೆಲವು ವರ್ಷ ಆ ಮೈದಾನದಲ್ಲಿ ಜನ ಆಲೂಗಡ್ಡೆ ಬೆಳೆದರು. ಆಮೇಲೆ ಗಿರಣಿ ತಂಡದ ಹಳೆಯ ಗೋಲ್‌ಕೀಪರ್ ಒಬ್ಬ ಶಾಲೆಯ ಹುಡುಗರನ್ನು ಕೂಡಿಸಿಕೊಂಡು ಆಲೂಗಡ್ಡೆ ಪಾತಿಗಳನ್ನು ಸಮ ಮಾಡಿ ಕ್ಲಬ್ಬನ್ನು ಮತ್ತೆ ಎಬ್ಬಿಸಿದ. ಅವನೇ ಈಗ ಕೋಚ್. ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲಿದ್ದ ಫೋಟೋಗಳನ್ನು ತೋರಿಸುತ್ತ ಇದನ್ನೆಲ್ಲ ಹೇಳಿದ, ಮೆಕ್ಯಾನಿಕ್ ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದ. ಅಂದಿನಿಂದ ತಂಡ ಮೇಲಿನ ಡಿವಿಷನ್ನಿಗೆ ಒಮ್ಮೆ ಏರಿ, ಕೆಳಗೆ ಬಿದ್ದು, ಮತ್ತೆ ಏರಲು ಹೆಣಗುತ್ತಿತ್ತು.

ತಂಡದವರೂ ನಾನು ಟೀವಿಯಲ್ಲಿ ನೋಡುತ್ತಿದ್ದ ಯುರೋಪಿನವರಲ್ಲ. ಗೋಲ್‌ಕೀಪರ್ ಬೆಳಗಿನ ಜಾವ ವ್ಯಾನಿನಲ್ಲಿ ಬ್ರೆಡ್ ಹಂಚುತ್ತಿದ್ದ. ಕ್ಯಾಪ್ಟನ್ ಶಾಲೆಯ ಪಿ.ಟಿ. ಮೇಷ್ಟ್ರು. ಸ್ಟ್ರೈಕರ್ ಮನೆಗಳ ಚಾವಣಿ ರಿಪೇರಿ ಮಾಡುವವನು. ರಷ್ಯನ್ ಮಾತಾಡುತ್ತಿದ್ದ, ಉಳಿದವರು ಅವನಿಗೆ ಎಸ್ಟೋನಿಯನ್ನಿನಲ್ಲೇ ಕೂಗುತ್ತಿದ್ದರು, ಜಗಳ ಮಾತ್ರ ಎರಡೂ ಭಾಷೆಯಲ್ಲಿ. ಇವರನ್ನು ನೋಡಿ ನನಗೆ ಧೈರ್ಯ ಬಂತು. ಚಾವಣಿ ರಿಪೇರಿಯವನು ಆಡುವ ತಂಡದಲ್ಲಿ ನಾನು ಆಡಲಾರೆನೇ ಎನಿಸಿತು.

ಮೊದಲ ಪ್ರಾಕ್ಟೀಸಿನಲ್ಲೇ ಆ ಧೈರ್ಯ ಇಳಿಯಿತು. ಚೆಂಡು ನನ್ನ ಕಾಲಿಗೆ ಬಂದು, ನಾನು ತಲೆ ಎತ್ತುವಷ್ಟರಲ್ಲಿ ಯಾರೋ ಅದನ್ನು ಕಿತ್ತುಕೊಂಡು ಹೋಗಿರುತ್ತಿದ್ದರು. ಚಳಿಗಾಳಿ ಎದೆಯೊಳಗೆ ಕುಯ್ಯುತ್ತಿತ್ತು. ಪಕ್ಕದ ಊರಿನವರ ಜೊತೆ ಒಂದು ಅಭ್ಯಾಸದ ಮ್ಯಾಚಿನಲ್ಲಿ ಕೋಚ್ ನನ್ನನ್ನು ಇಳಿಸಿದ. ಆ ಕಡೆಯ ಹುಡುಗನೊಬ್ಬ, ಇನ್ನೂ ಮೀಸೆ ಮೂಡದವನು, ಮತ್ತೆ ಮತ್ತೆ ನನ್ನ ಬದಿಯಿಂದಲೇ ನುಗ್ಗಿದ. ಗೋಲುಗಳು ಬಿದ್ದದ್ದೂ ಅಲ್ಲಿಂದಲೇ. ಕೊನೆಗೆ ನಮ್ಮ ಕ್ಯಾಪ್ಟನ್ ಏನೂ ಹೇಳದೆ ತನ್ನ ಜಾಗ ಬಿಟ್ಟು ನನ್ನ ಪಕ್ಕಕ್ಕೆ ಬಂದು ನಿಂತುಬಿಟ್ಟ. ಬೈದಿದ್ದರೂ ಅಷ್ಟು ಕುಗ್ಗುತ್ತಿರಲಿಲ್ಲ.

ಮುಗಿದ ಮೇಲೆ ಕೋಚ್ ಕೈಕುಲುಕಿದ. ಮೆಕ್ಯಾನಿಕ್ ನೆಲ ನೋಡುತ್ತ ಅನುವಾದಿಸಿದ: "ನೀನು ಒಳ್ಳೆಯ ಹುಡುಗ, ಕಾಲು ಚೆನ್ನಾಗಿದೆ ಅಂತಾನೆ. ಇಲ್ಲಿಗೆ ಸಾಲದು ಅಂತಾನೆ."

ಉಳಿದ ದಿನಗಳಲ್ಲಿ ಪ್ರಾಕ್ಟೀಸಿಗೆ ಹೋಗುವುದನ್ನು ಬಿಡಲಿಲ್ಲ. ಬೇರೆ ಎಲ್ಲಿಗೆ ಹೋಗುವುದು? ಗೋಲಿನ ಹಿಂದೆ ನಿಂತು ಚೆಂಡು ಎತ್ತಿ ಕೊಡುತ್ತಿದ್ದೆ. ಅವರ ಲೀಗ್ ಮ್ಯಾಚುಗಳನ್ನು ಬೆಂಚಿನ ಪಕ್ಕ ನಿಂತು ನೋಡಿದೆ. ಎಲ್ಲವನ್ನೂ ಸೋತರು. ಸೋತು ಬಂದು ಬೀಟ್‌ರೂಟ್ ಸೂಪು ಕುಡಿಯುತ್ತ ನನಗೂ ಒಂದು ಬಟ್ಟಲು ತಳ್ಳುತ್ತಿದ್ದರು. ಹೊರಡುವ ದಿನ ತಂಡದ ನೀಲಿ ಜರ್ಸಿಯೊಂದನ್ನು ತೊಡಿಸಿ, ಎಲ್ಲರ ನಡುವೆ ನಿಲ್ಲಿಸಿ ಫೋಟೋ ತೆಗೆದರು. ಪ್ರೀತಿಯಿಂದಲೇ ಮಾಡಿದ್ದು. ಆ ಫೋಟೋ ಮುಂದೆ ನನ್ನ ಜೀವ ತಿನ್ನುತ್ತದೆ ಎಂದು ಅವರಿಗೇನು ಗೊತ್ತು?

ಮನೆಗೆ ಬಂದು ಅಪ್ಪನಿಗೆ ಒಂದೇ ಮಾತಿನಲ್ಲಿ ಹೇಳಿದೆ: "ತಗೊಳ್ಳಲಿಲ್ಲ ಅಪ್ಪಾ." ಅವರು ತಲೆಯಾಡಿಸಿದರು, ಏನೂ ಕೇಳಲಿಲ್ಲ. ಆದರೆ ವಾರದೊಳಗೆ ಆ ಫೋಟೋ ಕಟ್ಟು ಹಾಕಿಸಿಕೊಂಡು ಅಂಗಡಿಯ ಗಲ್ಲಾದ ಮೇಲೆ ಬಂತು. ಗಿರಾಕಿಗಳು ಕೇಳಿದರೆ ಅಪ್ಪ, "ಸೀಸನ್ ಮುಗೀತು, ಬಂದಿದಾನೆ" ಎನ್ನುವರು. ನಾನು ಒಳಗಿನ ಗೋದಾಮಿನಲ್ಲಿ ಕವರುಗಳನ್ನು ಮಡಿಸುತ್ತ ಅದನ್ನು ಕೇಳಿಸಿಕೊಳ್ಳುವೆ. ಹೊರಗೆ ಬಂದರೆ ಎಲ್ಲರೂ ಕೈಕುಲುಕುವರು. ಮೈದಾನದ ದಾರಿಯನ್ನೇ ಬಿಟ್ಟೆ. ಬೆಳಿಗ್ಗೆ ಗೆಳೆಯರು ಎದ್ದು ಹೋಗುವ ಹೊತ್ತಿಗೆ ಮುಸುಕು ಎಳೆದುಕೊಂಡು ಮಲಗಿರುತ್ತಿದ್ದೆ, ನಿದ್ದೆ ಮಾತ್ರ ಇರುತ್ತಿರಲಿಲ್ಲ.

ಆ ವರ್ಷವೇ ಬಸವನಗುಡಿಯಿಂದ ಒಂದು ಸಂಬಂಧ ಬಂತು. ಹುಡುಗಿಯ ತಂದೆ ಅಂಗಡಿಯಲ್ಲಿ ಫೋಟೋ ನೋಡಿದ್ದರು. ಅಪ್ಪ ಅಮ್ಮನ ಜೊತೆ ಹೋದೆ. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗಿ ಕಾಲೇಜಿನಲ್ಲಿ ಥ್ರೋಬಾಲ್ ಆಡಿದವಳು. ಬೇರೆಯವರಂತೆ ಸಂಬಳ, ಊರು ಎಂದು ಕೇಳಲಿಲ್ಲ. ನಿಜವಾದ ಆಸೆಯಿಂದ ಕೇಳಿದಳು: "ನೀವು ಯಾವ ಪೊಸಿಷನ್?"

"ಲೆಫ್ಟ್ ಬ್ಯಾಕ್."

"ಅಲ್ಲಿ ಎಷ್ಟು ಮ್ಯಾಚ್ ಆಡಿದ್ರಿ?"

ಅಪ್ಪ ತಟ್ಟೆಯನ್ನು ಕೆಳಗಿಟ್ಟು, "ಅಲ್ಲಿ ಲೀಗ್ ಅಂದ್ರೆ..." ಎಂದು ಶುರು ಮಾಡಿದರು. ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಒಂದೂ ಇಲ್ಲ," ಎಂದೆ. "ಟ್ರಯಲ್‌ಗೆ ಹೋಗಿದ್ದೆ. ಬೇಡ ಅಂದ್ರು."

ಹುಡುಗಿಯ ತಂದೆ ಅಪ್ಪನ ಕಡೆ ತಿರುಗಿದರು. ಅಪ್ಪ ಪಂಚೆಯ ಅಂಚನ್ನು ಸರಿಮಾಡಿಕೊಂಡರು, ಮತ್ತೆ ಮತ್ತೆ ಸರಿಮಾಡಿಕೊಂಡರು. ಅಷ್ಟು ಜನರೆದುರು ಅವರ ಮುಖ ಹಾಗೆ ಇಳಿದದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ನೆಲ ಬಿರಿಯಲಿ ಎನಿಸಿತು. ಹುಡುಗಿಯ ಮನೆಯವರು ಮರ್ಯಾದೆಯಿಂದಲೇ ಬೀಳ್ಕೊಟ್ಟರು. ಆಮೇಲೆ ಫೋನ್ ಬರಲಿಲ್ಲ.

ಮರುದಿನ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಿದ್ದ ಹೊತ್ತಿನಲ್ಲಿ ಅಪ್ಪ ನನ್ನನ್ನು ಒಳಗಿನಿಂದ ಕರೆದರು. ಬೈಗುಳಕ್ಕೆ ಸಿದ್ಧನಾಗಿ ಬಂದು ನಿಂತೆ.

"ಆ ಕ್ಲಬ್‌ನೋರು ಎಂಥೋರೋ?" ಎಂದರು.

ಮೊದಲ ಸಲ ಕೇಳಿದ್ದರು. ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಗಿರಣಿ, ಆಲೂಗಡ್ಡೆ ಪಾತಿ, ಬ್ರೆಡ್ ಹಂಚುವ ಗೋಲ್‌ಕೀಪರ್, ಪಿ.ಟಿ. ಮೇಷ್ಟ್ರು. ಕಾಗದದ ಗಿರಣಿ ಎಂದಾಗ, "ಯಾವ ಪೇಪರ್ ಮಾಡ್ತಿದ್ರು?" ಎಂದು ವಿಚಾರಿಸಿದರು. ನನಗೆ ಗೊತ್ತಿರಲಿಲ್ಲ.

"ಗೆಲ್ತಾರಾ ಅವ್ರು?"

"ಇಲ್ಲ. ನಾನಿದ್ದಷ್ಟು ದಿನವೂ ಸೋತ್ರು."

ಅಪ್ಪ ವ್ಯಂಗ್ಯವಿಲ್ಲದೆ, ತಿಳಿದುಕೊಳ್ಳುವವರಂತೆ ಕೇಳಿದರು: "ಸೋಲೋ ಟೀಮಲ್ಲೂ ನಿಂಗೆ ಜಾಗ ಸಿಗ್ಲಿಲ್ವಾ?"

"ಇಲ್ಲ ಅಪ್ಪಾ."

"ಅಷ್ಟು ಕಷ್ಟನಾ ಆ ಆಟ?"

"ಹೂಂ. ಅಷ್ಟು ಕಷ್ಟ."

ಅವರು ಎದುರಿನ ಹೋಟೆಲಿನ ಹುಡುಗನಿಗೆ ಕೈಸನ್ನೆ ಮಾಡಿ ಕಾಫಿ ತರಿಸಿದರು. ನಾವಿಬ್ಬರೂ ರಸ್ತೆ ನೋಡುತ್ತ ಕುಡಿದೆವು. "ಕಾರ್ಡು ನಾನು ಹಾಕಿಸಬಾರದಿತ್ತು," ಎಂದರು, ಲೋಟ ಕೆಳಗಿಡುತ್ತ. ಅವರ ಬಾಯಿಂದ ಆ ಮಾತು ಕೇಳುವುದು, ಆ ಮೀಸೆ ಮೂಡದ ಹುಡುಗ ನನ್ನನ್ನು ದಾಟಿ ಹೋದದ್ದಕ್ಕಿಂತ ಕಷ್ಟವಾಯಿತು.

ಬೇಸಿಗೆ ಮತ್ತೆ ಬಂದ ಮೇಲೆ ಒಂದು ಬೆಳಿಗ್ಗೆ ಮೈದಾನಕ್ಕೆ ಹೋದೆ. ಆಟ ಆಗಲೇ ಶುರುವಾಗಿತ್ತು. ಗೇಟಿನ ಹತ್ತಿರ ನಿಂತು ಬೂಟಿನ ದಾರ ಕಟ್ಟುತ್ತಿದ್ದೆ, ಸುಮ್ಮನೆ ತಡಮಾಡುತ್ತ. ಯಾರೋ ಕೂಗಿದರು: "ಲೋ ಎಸ್ಟೋನಿಯಾ! ಬಾರೋ ಮಗಾ, ಲೆಫ್ಟ್ ಖಾಲಿ ಇದೆ!" ಎಲ್ಲರೂ ನಕ್ಕರು. ಕಿವಿ ಬಿಸಿಯಾಯಿತು. ತಿರುಗಿ ಮನೆಗೆ ಹೋಗಿಬಿಡೋಣ ಎನಿಸಿತು. ಅಷ್ಟರಲ್ಲಿ ಚೆಂಡು ಆ ಖಾಲಿ ಎಡಬದಿಗೇ ಉರುಳಿ ಬಂತು, ನಾನು ಓಡಿದೆ. ಅಂದಿನಿಂದ ಅದೇ ನನ್ನ ಹೆಸರು. ಚಾಮರಾಜಪೇಟೆಯ ಆ ಬೀದಿಗಳಲ್ಲಿ ಈಗಲೂ ಹಾಗೆ ಕರೆಯುವವರು ಮೂರು ನಾಲ್ಕು ಮಂದಿ ಉಳಿದಿದ್ದಾರೆ. ಕರೆದರೆ ತಿರುಗುತ್ತೇನೆ, ಆದರೆ ಹೆಂಡತಿ ಮಕ್ಕಳು ಜೊತೆಯಲ್ಲಿದ್ದರೆ ಬೇಗ ಬೇಗ ಹೆಜ್ಜೆ ಹಾಕುತ್ತೇನೆ.