ಅಕನಿಸಿ ಕಟ್ಟಿದ ಮನೆ

ಫಿಜಿಯ ಕೋರೋ ದ್ವೀಪದ ನಮ್ಮೂರಿಗೆ ದೋಣಿಯಲ್ಲಿ ಬಂದಿಳಿಯುವವರಿಗೆ ಮೊದಲು ಅಕನಿಸಿಯ ನಗು ಕೇಳಿಸುತ್ತದೆ, ಆಮೇಲೆ ಅವಳು ಕಾಣಿಸುತ್ತಾಳೆ. ನಲವತ್ತೊಂದು ವರ್ಷ ತುಂಬುವ ತನಕ ಅವಳು ಸುತ್ತಿಗೆ ಮುಟ್ಟಿದವಳಲ್ಲ. ಏಡಿ ಹಿಡಿಯುವುದು, ಚಾಪೆ ಹೆಣೆಯುವುದು, ಭಾನುವಾರ ಚರ್ಚಿನ ಸೂರು ಹಾರುವಂತೆ ಹಾಡುವುದು, ಇಷ್ಟೇ ಗೊತ್ತಿದ್ದದ್ದು. ಚಾಪೆಯ ಎಳೆ ತಪ್ಪಿದರೆ ಅದನ್ನು ಅಕ್ಕನ ಮಡಿಲಿಗೆ ಎಸೆದು ಎದ್ದು ಹೋಗುತ್ತಿದ್ದಳು.

ಆ ವರ್ಷದ ಚಂಡಮಾರುತ ಒಂದೇ ಮಧ್ಯಾಹ್ನದಲ್ಲಿ ಊರನ್ನು ಗುಡಿಸಿ ಹಾಕಿತು. ಅವಳ ಮನೆಯಲ್ಲಿ ಉಳಿದದ್ದು ಕಲ್ಲಿನ ಕಟ್ಟೆ, ಒಂದು ಪಾತ್ರೆ. ತೊಲೆ ಬಿದ್ದು ಗಂಡ ಅಪೆನಿಸನ ತೊಡೆಯ ಮೂಳೆ ಮುರಿಯಿತು. ಎರಡು ತಿಂಗಳಾದ ಮೇಲೆ ಹಡಗೊಂದು ಮರ, ತಗಡು, ಮೊಳೆ ತಂದು ದಡದಲ್ಲಿ ಇಳಿಸಿ ಹೋಯಿತು. ಕಟ್ಟಬಲ್ಲವನು ಮಾತ್ರ ಊರಿಗೆಲ್ಲ ಒಬ್ಬನೇ, ಅವಳ ಸೋದರಮಾವನ ಮಗ ಇಲೈತಿಯ. ಅವಳ ಸರದಿ ಬರಲು ಒಂದೂವರೆ ವರ್ಷ ಬೇಕಿತ್ತು.

“ಭಾವ, ನಂಗೇ ಕಲಿಸಿಕೊಡು. ನಾನೇ ಕಟ್ಕೋತೀನಿ,” ಎಂದಳು.

“ನೀನಾ? ಏಡಿ ಹಿಡಿಯೋ ಕೈಲಿ ಗರಗಸ ಹಿಡಿದ್ರೆ ಮನೇನೂ ಅಡ್ಡಡ್ಡ ನಡೀತದೆ ಕಣೇ!”

“ನಡೀಲಿ ಬಿಡು. ನಿನ್ನ ಬಾಗ್ಲಿಗೇ ಬಂದು ನಿಲ್ತದೆ. ಆಮೇಲೆ ನಮ್ಮಿಬ್ರಿಗೂ ನೀನೇ ಊಟ ಹಾಕು.”

ಬೆಳಿಗ್ಗೆಯೆಲ್ಲ ಅವನ ಹಲಗೆ ಹೊತ್ತು, ಅಳತೆ ಹಾಕುವುದು, ಕೊಯ್ಯುವುದು, ಜೋಡಿಸುವುದನ್ನು ಕಲಿತಳು. ಮಧ್ಯಾಹ್ನದ ಮೇಲೆ ತನ್ನ ಕಟ್ಟೆಯ ಮೇಲೆ ಕೆಲಸ. ಮಳೆಗೆ ಟಾರ್ಪಾಲಿನ ಗುಡಿಸಲು ಸೋರುತ್ತಿತ್ತು. ಹೊಟ್ಟೆಗೆ ಮೂರು ಹೊತ್ತೂ ಮರಗೆಣಸು. ಎಡಗೈಯ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿತು. ಮೊದಲು ಎಬ್ಬಿಸಿದ ಗೋಡೆ ವಾಲಿತು, ಕಿತ್ತಳು. ಎರಡನೆಯ ಸಲ ನಡುವೆ ಉಬ್ಬಿತು. ಅಂದು ಸುತ್ತಿಗೆ ಬಿಸಾಡಿ, ಮರಳಿನ ಮೇಲೆ ಕೂತು ಗೊಳೋ ಎಂದು ಅತ್ತಳು.

ಕಾಲಿಗೆ ಪಟ್ಟಿ ಕಟ್ಟಿಕೊಂಡು ಚಾಪೆಯ ಮೇಲೆ ಮಲಗಿದ್ದ ಅಪೆನಿಸ ಅವಳ ಅಳು ತಗ್ಗಿದ ಮೇಲೆ, “ಅತ್ತಾಯ್ತಾ? ಹಂಗಾದ್ರೆ ಇಲ್ಲಿ ಬಾ, ನನ್ನ ಪಕ್ಕ ಮಲಗಿ ನೋಡು. ಮೂಲೆ ಎರಡೂ ಸರಿಯಾಗವೆ. ಮೂರನೇ ಹಲಗೆ ಒಂದೇ ಸೊಟ್ಟ,” ಎಂದ.

ಅವಳು ಮಲಗಿ ನೋಡಿದಳು. ನಿಜ, ಒಂದೇ ಹಲಗೆ! ಕಣ್ಣೀರಿನಲ್ಲೇ ನಗು ಬಂತು. ಅಂದಿನಿಂದ ಮಲಗಿದಲ್ಲಿಂದಲೇ ಅವನು ಅವಳ ಕಣ್ಣಾದ. “ಎಡಕ್ಕೆ, ಇನ್ನೊಂಚೂರು, ಸಾಕು!” ಎಂದು ಕೂಗುವನು, ಅವಳು ಮೊಳೆ ಹೊಡೆಯುವಳು. ಮೊಳೆ ಕಿತ್ತು, ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ, ಮತ್ತೆ ಬಡಿಯುವುದರಲ್ಲಿ ಅವಳಿಗೆ ಒಂದು ಬಗೆಯ ಹಟದ ಸುಖ ಹತ್ತಿತು. ತಪ್ಪನ್ನು ಕಂಡರೆ ಎದ್ದು ಓಡುತ್ತಿದ್ದವಳು ಈಗ ಅದರ ಎದುರಿಗೆ ಕುಕ್ಕರಗಾಲಲ್ಲಿ ಕೂರತೊಡಗಿದಳು.

ಕೆಲಸ ಹಿಡಿದ ಏಳನೆಯ ತಿಂಗಳಲ್ಲಿ ಮನೆ ಮುಗಿಯಿತು. ಊರೆಲ್ಲ ಊಟಕ್ಕೆ ಬಂದಿತ್ತು. ಇಲೈತಿಯ ದಾರಕ್ಕೆ ಕಟ್ಟಿದ ತೂಗುಗುಂಡು ಹಿಡಿದು, ನೆಟ್ಟಗಿದೆಯೇ ಎಂದು ಗೋಡೆಗೋಡೆಯನ್ನೂ ಸುತ್ತಿದ. ಕೊನೆಗೆ ಹುಬ್ಬು ಗಂಟಿಕ್ಕಿ, “ಬಾಗ್ಲು ಒಂಚೂರು ಕಿರಿದಾಯ್ತು,” ಎಂದ.

“ಬಾಗ್ಲಲ್ಲ ಭಾವ, ನಿನ್ನ ಹೊಟ್ಟೆ!”

ನಗುವಿಗೆ ಕೋಳಿಗಳು ಹೆದರಿ ಓಡಿದವು.

ನಾಲ್ಕು ವರ್ಷದ ಮೇಲೆ ಇನ್ನೊಂದು ಬಿರುಗಾಳಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಡಿಯಿತು. ಅವಳ ಮನೆಯಲ್ಲಿ ಮೂವತ್ತೊಂದು ಜನ ಒತ್ತೊತ್ತಾಗಿ ಕೂತು ಹಾಡಿದರು. ಅವಳೊಬ್ಬಳು ಹಾಡಲಿಲ್ಲ, ತಗಡಿನ ಸದ್ದಿಗೆ ಕಿವಿಗೊಟ್ಟಿದ್ದಳು. ಸೂರು ನರಳಿತು, ಬಿಡಲಿಲ್ಲ. ಗಾಳಿ ನಿಂತಾಗ ಅಪೆನಿಸ ಅವಳ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ.

ಇಲೈತಿಯನ ಅಡುಗೆಮನೆಯ ಸೂರು ಹಾರಿಹೋಗಿತ್ತು. ಮಾರನೆಯ ದಿನ ಅವನು ಒಗೆದ ಅಂಗಿ ಹಾಕಿಕೊಂಡು ಬಂದು, ಹಿರಿಯರಲ್ಲಿ ಏನಾದರೂ ಬೇಡುವಾಗ ಇಡುವಂತೆ, ಅರೆದು ಕುಡಿಯುವ ಯಂಗೋನದ ಬೇರಿನ ಕಟ್ಟನ್ನು ಅವಳ ಮುಂದಿಟ್ಟು ಚಕ್ಕಳಮಕ್ಕಳ ಕೂತ.

“ನಂಗೀಗ ಏಣಿ ಹತ್ತೋಕಾಗಲ್ಲ. ನೀನು ಬಂದು ಹಾಕಿಕೊಡ್ಬೇಕು, ಮೇಸ್ತ್ರಿ.”

ಮೇಸ್ತ್ರಿ! ಅವನ ಬಾಯಲ್ಲಿ! ಅಕನಿಸಿ ಒಪ್ಪಿದೆನೆಂದು ಸಂಪ್ರದಾಯದಂತೆ ಕೈತಟ್ಟಿ ಬೇರನ್ನು ಎತ್ತಿಕೊಂಡಳು. ಆಮೇಲೆ ಗರಗಸ ಹುಡುಕಿಕೊಂಡು, ಕಾಫಿಗೂ ಕಾಯದೆ, ಅವನಿಗಿಂತ ಮುಂದೆ ದಾರಿ ಹಿಡಿದಳು.